ವೋಲ್ಗಾ ಹುಟ್ಟುವ ಹಳ್ಳಿಗೆ ಏಪ್ರಿಲ್ ಕೊನೆಯಲ್ಲಿ ಹೋಗಬಹುದಾ?

ರಷ್ಯಾದ ತ್ವೇರ್‌ನಲ್ಲಿ ಎಂಬಿಬಿಎಸ್ ಎರಡನೇ ವರ್ಷ, ಏಪ್ರಿಲ್ ಕೊನೆಗೆ ನಾಲ್ಕು ದಿನ ರಜೆ, ಗೆಳೆಯನ ಹತ್ತಿರ ಕಾರಿದೆ. ಅಲ್ಲಿಯ ಸಣ್ಣ ಹಳ್ಳಿ ಹೇಗಿರುತ್ತೆ ಅಂತ ನೋಡೋಕೆ ವೋಲ್ಗಾ ಹುಟ್ಟುವ ವೋಲ್ಗೊವೆರ್ಖೊವ್ಯೆ ಹಳ್ಳಿಗೆ ಹೋಗಿಬರಬಹುದಾ, ಅಲ್ಲಿ ನಾಲ್ಕು ಮನೆ ಬಿಟ್ಟರೆ ಏನೂ ಇಲ್ಲ ಅಂತಾರೆ, ಅದರ ಬದಲು ಸುಜ್ದಾಲ್‌ಗೆ ಹೋಗೋದು ವಾಸಿನಾ ಅಂತ ಕೇಳಿದ್ದೀರಿ.

ಏಪ್ರಿಲ್‌ನಲ್ಲಿ ಹೋಗಬೇಡಿ. ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ಕೆಂದಿತು. ಊರು ಅದೇ, ತಿಂಗಳು ಅದೇ, ಗೆಳೆಯನ ಕಾರೂ ಅದೇ ಥರ. ನಾನೂ ತ್ವೇರ್‌ನಲ್ಲೇ ಓದಿದವನು. ಆ ಒಂದು ಪ್ರಯಾಣದಿಂದ ಅಕ್ಕನ ಮದುವೆಗೆ ಹೋಗೋದು ನನಗೆ ತಪ್ಪಿತು.

ನಾನು ಬೀದರ್ ಕಡೆಯವನು. ತ್ವೇರ್‌ಗೆ ಹೋದ ಮೊದಲ ವಾರ ವೋಲ್ಗಾ ದಂಡೆಯಲ್ಲಿ ಅಫನಾಸಿ ನಿಕಿತಿನ್ ಪ್ರತಿಮೆ ನೋಡಿದೆ. 1955ರಲ್ಲಿ ನಿಲ್ಲಿಸಿದ್ದು. ದೋಣಿಯ ಮೇಲೆ ನಿಂತ ಗಡ್ಡದ ವ್ಯಾಪಾರಿ. 15ನೇ ಶತಮಾನದಲ್ಲಿ ಇದೇ ಊರಿಂದ ಹೊರಟು, ವೋಲ್ಗಾ ಇಳಿದು, ಕ್ಯಾಸ್ಪಿಯನ್ ದಾಟಿ, ಪರ್ಷಿಯಾ ಹಾದು ಕೊನೆಗೆ ಬಹಮನಿ ಸುಲ್ತಾನರ ರಾಜಧಾನಿ ಬೀದರ್‌ಗೆ ಬಂದವನು. ನಮ್ಮೂರಿನ ಬಗ್ಗೆ ಬರೆದಿಟ್ಟವನು. ನಾನು ಬೀದರ್‌ನವನು ಅಂದರೆ ಅಲ್ಲಿಯ ಮೇಷ್ಟ್ರುಗಳ ಮುಖ ಅರಳುತ್ತಿತ್ತು. ಮನೆ ಬಿಟ್ಟು ಸಾವಿರಾರು ಕಿಲೋಮೀಟರ್ ದೂರ ಬಂದ ಹುಡುಗನಿಗೆ ಆ ನದಿ ನನ್ನದೂ ಹೌದು ಅನ್ನಿಸಿಬಿಟ್ಟಿತು. ಅದು ಹುಟ್ಟುವ ಜಾಗ ನೋಡಲೇಬೇಕು ಅಂತ ತಲೆಯಲ್ಲಿ ಕೂತುಬಿಟ್ಟಿತು.

ಮೂರನೇ ವರ್ಷದ ಏಪ್ರಿಲ್. ನನ್ನ ರಷ್ಯನ್ ಸಹಪಾಠಿಯೊಬ್ಬನ ಹತ್ತಿರ ಅವನ ಅಜ್ಜನ ಕಾಲದ ಹಳೇ ಜಿಗುಲಿ ಕಾರಿತ್ತು. ತ್ವೇರ್‌ನಿಂದ ಒಸ್ತಾಶ್ಕೊವ್‌ಗೆ ಸುಮಾರು 190 ಕಿಲೋಮೀಟರ್. ಅದು ಸೆಲಿಗೆರ್ ಸರೋವರದ ದಂಡೆಯ ಪಟ್ಟಣ. ಅಲ್ಲಿಂದ ಸರೋವರವನ್ನು ಬಳಸಿಕೊಂಡು ಸ್ವಾಪುಶ್ಚೆ ಅನ್ನೋ ಹಳ್ಳಿ, ಅದನ್ನು ದಾಟಿ ವೊರೊನೊವೊ, ಆಮೇಲೆ ವೋಲ್ಗೊವೆರ್ಖೊವ್ಯೆ. ಎಲ್ಲರೂ ಹೋಗುವ ದಾರಿ ಇದು. ಗೆಳೆಯ ಇದರಲ್ಲೇ ಹೋಗೋಣ ಅಂದ. ನಾನು ಮ್ಯಾಪ್ ಬಿಚ್ಚಿ, ಕಾಡಿನ ನಡುವೆ ಎಳೆದಿದ್ದ ಒಂದು ಸಣ್ಣ ಗೆರೆ ತೋರಿಸಿ, ಇಲ್ಲಿಂದ ಹೋದರೆ ಅರ್ಧಕ್ಕರ್ಧ ದೂರ ಕಮ್ಮಿ ಅಂದೆ. ಅವನು ಬೇಡ ಅಂದ. ಏಪ್ರಿಲ್‌ನಲ್ಲಿ ಅಂಥ ದಾರಿಗೆ ಯಾರೂ ಇಳಿಯಲ್ಲ ಅಂದ. ನಾನು ಬಿಡಲಿಲ್ಲ.

ನಾನು ಯಾಕೆ ಅಷ್ಟು ಹಟ ಮಾಡಿದೆ ಅನ್ನೋದನ್ನು ಬಿಡಿಸಿ ಹೇಳಬೇಕು. ನಮ್ಮ ಕಡೆಯಿಂದ ಹೋದ ಯಾರೇ ಆದರೂ ಮಾಡಬಹುದಾದ ತಪ್ಪು ಅದು.

ನದಿ ಹುಟ್ಟುವ ಜಾಗ ಅಂದರೆ ನಮ್ಮ ತಲೆಗೆ ಏನು ಬರುತ್ತೆ? ಬೆಟ್ಟ. ಕಾವೇರಿಗೆ ಬ್ರಹ್ಮಗಿರಿ, ಕೃಷ್ಣೆಗೆ ಮಹಾಬಳೇಶ್ವರ. ಚಿಕ್ಕಂದಿನಿಂದ ಪುಸ್ತಕದಲ್ಲಿ ಓದಿದ್ದು, ಕಣ್ಣಲ್ಲಿ ನೋಡಿದ್ದು ಅದೇ. ವೋಲ್ಗಾ ವಾಲ್ದಾಯ್ ಬೆಟ್ಟಸಾಲಿನಲ್ಲಿ ಹುಟ್ಟುತ್ತೆ ಅಂತ ಪುಸ್ತಕದಲ್ಲಿ ಇತ್ತು. ಬೆಟ್ಟಸಾಲು ಅಂದ ಮೇಲೆ ಎತ್ತರ, ಎತ್ತರ ಅಂದ ಮೇಲೆ ಕಲ್ಲು, ಕಲ್ಲು ಇದ್ದ ಕಡೆ ನೀರು ನಿಲ್ಲಲ್ಲ. ಕೆಸರೇನಿದ್ದರೂ ಕೆಳಗಿನ ಬಯಲಲ್ಲಿ, ಮೇಲೆ ಹೋದ ಹಾಗೆ ನೆಲ ಗಟ್ಟಿಯಾಗುತ್ತೆ. ಇದು ನನ್ನ ಲೆಕ್ಕ. ಒಂದೊಂದು ಮೆಟ್ಟಿಲೂ ಸರಿ ಅನ್ನಿಸುತ್ತೆ ಅಲ್ವಾ? ಮೊದಲ ಮೆಟ್ಟಿಲೇ ತಪ್ಪು.

ವೋಲ್ಗಾ ಹುಟ್ಟುವುದು ಸಮುದ್ರಮಟ್ಟದಿಂದ 228 ಮೀಟರ್ ಎತ್ತರದಲ್ಲಿ. ಅಷ್ಟೇ. ನಮ್ಮ ಬೀದರ್ ಪಟ್ಟಣವೇ 600 ಮೀಟರ್‌ಗಿಂತ ಮೇಲಿದೆ. ವಾಲ್ದಾಯ್ ಅನ್ನೋದು ಹಿಮಯುಗದ ಹಿಮರಾಶಿ ಸರಿದು ಹೋಗುವಾಗ ಬಿಟ್ಟು ಹೋದ ಮಣ್ಣಿನ ದಿಬ್ಬಗಳ ನಾಡು. ಜೇಡಿ, ಮರಳು, ಉರುಟು ಕಲ್ಲು, ನಡುನಡುವೆ ತಗ್ಗು. ತಗ್ಗಲ್ಲೆಲ್ಲ ಸರೋವರ, ಸರೋವರ ಇಲ್ಲದ ಕಡೆ ಜೌಗು. ನೀರಿಗೆ ಯಾವ ಕಡೆ ಹರಿಯಬೇಕು ಅಂತ ಗೊತ್ತಾಗದಷ್ಟು ಸಪಾಟು. ಅದಕ್ಕೇ ಒಂದೇ ಸೀಮೆಯಿಂದ ವೋಲ್ಗಾ ಕ್ಯಾಸ್ಪಿಯನ್ ಕಡೆಗೆ, ಪಶ್ಚಿಮ ದ್ವಿನಾ ಬಾಲ್ಟಿಕ್ ಕಡೆಗೆ, ದಕ್ಷಿಣಕ್ಕೆ ಸ್ವಲ್ಪ ಸರಿದರೆ ದ್ನೀಪರ್ ಕಪ್ಪು ಸಮುದ್ರದ ಕಡೆಗೆ ಹೊರಡುತ್ತವೆ. ಕ್ಯಾಸ್ಪಿಯನ್ ಸಮುದ್ರದ ಮೇಲ್ಮೈ ಸಾಗರಮಟ್ಟಕ್ಕಿಂತ ಸುಮಾರು 28 ಮೀಟರ್ ಕೆಳಗಿದೆ. ಅಂದರೆ ವೋಲ್ಗಾ ತನ್ನ 3,530 ಕಿಲೋಮೀಟರ್ ಹಾದಿಯಲ್ಲಿ ಇಳಿಯೋದು ಬರೀ ಸುಮಾರು 256 ಮೀಟರ್. ಸರಾಸರಿ ಕಿಲೋಮೀಟರಿಗೆ ಏಳು ಸೆಂಟಿಮೀಟರ್. ನನ್ನ ಅಂಗೈ ಅಗಲ. ಈ ಸಣ್ಣ ಲೆಕ್ಕವನ್ನು ನಾನು ಹೊರಡುವ ಮುಂಚೆ ಮಾಡಿದ್ದರೆ ಸಾಕಿತ್ತು.

ಇನ್ನೊಂದು ವಿಷಯ. ರಷ್ಯಾದಲ್ಲಿ ಈ ಕಾಲಕ್ಕೊಂದು ಹೆಸರೇ ಇದೆ, ‘ರಸ್ಪುತಿತ್ಸಾ’. ದಾರಿ ಕೆಡುವ ಕಾಲ. ಹಿಮ ಕರಗುತ್ತೆ, ಆದರೆ ಅಡಿಯಲ್ಲಿ ನೆಲ ಇನ್ನೂ ಹೆಪ್ಪುಗಟ್ಟಿ ಕಲ್ಲಾಗಿರುತ್ತೆ. ಮೇಲಿನ ನೀರು ಇಂಗೋಕೆ ಜಾಗ ಇಲ್ಲ. ಎರಡರ ನಡುವೆ ಸಿಕ್ಕ ಮಣ್ಣು ಅಂಬಲಿಯಾಗುತ್ತೆ. ರಾತ್ರಿ ಚಳಿಗೆ ಮೇಲಿನ ಪದರ ಮತ್ತೆ ಗಟ್ಟಿಯಾಗುತ್ತೆ. ನಾವು ಆ ಕಾಡುದಾರಿಗೆ ಇಳಿದದ್ದು ಬೆಳಗ್ಗೆ ಆರಕ್ಕೆ. ನೆಲ ಕಟಕಟ ಅಂತಿತ್ತು. ನೋಡು, ರಸ್ತೆ ಎಷ್ಟು ಚೆನ್ನಾಗಿದೆ ಅಂತ ಗೆಳೆಯನಿಗೆ ನಾನೇ ಹೇಳಿದೆ. ಒಂಬತ್ತೂವರೆಗೆ ಬಿಸಿಲು ಬಿತ್ತು. ಹತ್ತಕ್ಕೆ ಮುಂದಿನ ಚಕ್ರ ಕೂತಿತು.

ಆಗಲಾದರೂ ಸುಮ್ನೆ ಇಳಿದು ನಡೆದಿದ್ದರೆ ಕೆಸರು ತೊಳೆದುಕೊಂಡು ಮನೆಗೆ ಹೋಗುತ್ತಿದ್ದೆವು. ನಾನು ಹಿಂದಿನಿಂದ ತಳ್ಳುತ್ತಾ ಆಕ್ಸಿಲರೇಟರ್ ಒತ್ತು ಒತ್ತು ಅಂತ ಕೂಗಿದೆ. ಕಾರು ಒಂದು ಸಲ ಹಾರಿ ಮುಂದೆ ಹೋಯಿತು, ಕೆಸರಿನೊಳಗೆ ಮುಳುಗಿದ್ದ ಯಾವುದೋ ಕಲ್ಲಿಗೆ ಎಂಜಿನ್ ಅಡಿಯ ಆಯಿಲ್ ಚೇಂಬರ್ ಬಡಿಯಿತು. ಆ ಶಬ್ದ ನನಗೆ ಕೇಳಿಸಿತು. ಗೆಳೆಯ ಆಯಿಲ್ ಲೈಟ್ ಹತ್ತಿದೆ ಅಂದ. ಕೆಸರು ಹೊಕ್ಕು ವೈರ್ ಶಾರ್ಟ್ ಆಗಿರುತ್ತೆ, ನಿಲ್ಲಿಸಬೇಡ, ನಿಂತರೆ ಮತ್ತೆ ಹೂತುಹೋಗುತ್ತೆ ಅಂದವನು ನಾನೇ. ಇನ್ನೊಂದು ಕಿಲೋಮೀಟರ್ ಓಡಿಸಿದೆವು. ಆಯಿಲ್ ಎಲ್ಲ ಸೋರಿಹೋಗಿತ್ತು. ಎಂಜಿನ್ ಸೀಜ್ ಆಯಿತು. ಹಿಂದೆ ತಿರುಗಿ ನೋಡಿದರೆ ದಾರಿಯ ನೀರಿನ ಮೇಲೆ ಉದ್ದಕ್ಕೂ ಕಾಮನಬಿಲ್ಲಿನ ಬಣ್ಣದ ಗೆರೆ.

ಎಂಜಿನ್ ಬದಲಿಸೋಕೆ, ಟ್ರಾಕ್ಟರ್‌ಗೆ, ಒಸ್ತಾಶ್ಕೊವ್‌ನ ಗ್ಯಾರೇಜಿಗೆ ಅಂತ ಹೋದ ದುಡ್ಡು ಮೇ ತಿಂಗಳಿಗೆ ನಾನು ಊರಿಗೆ ಹೋಗೋಕೆ ಕೂಡಿಟ್ಟಿದ್ದ ಟಿಕೆಟ್ ದುಡ್ಡು. ಗೆಳೆಯ ಅರ್ಧ ಕೊಡ್ತೀನಿ ಅಂದ. ಹೇಗೆ ತಗೊಳ್ಳೋದು? ಅವನು ಮೊದಲೇ ಬೇಡ ಅಂದಿದ್ದ. ಅಪ್ಪನನ್ನು ಕೇಳುವ ಹಾಗಿರಲಿಲ್ಲ, ನನ್ನ ಫೀಸಿಗೆ ಮಾಡಿದ ಸಾಲದ ಮೇಲೆ ಮದುವೆಯ ಸಾಲವೂ ಸೇರಿತ್ತು. ಅಕ್ಕನ ಧಾರೆಯನ್ನು ನಾನು ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಕೇಳಿದೆ. ಯಾರೋ ಫೋನನ್ನು ಓಲಗದವರ ಹತ್ತಿರ ಹಿಡಿದಿದ್ದರು, ಬೇರೇನೂ ಕೇಳಲಿಲ್ಲ.

ಸರಿ, ಹಳ್ಳಿಯ ವಿಷಯಕ್ಕೆ ಬರ್ತೀನಿ.

ಆ ದಿನ ಟ್ರಾಕ್ಟರ್ ಹುಡುಕುತ್ತಾ ನಡೆದು ಒಂದು ಸಣ್ಣ ಹಳ್ಳಿ ಸೇರಿದೆವು. ಏಳೆಂಟು ಮರದ ಮನೆ. ಎರಡರಲ್ಲಿ ಮಾತ್ರ ಹೊಗೆ. ಒಬ್ಬ ಅಜ್ಜಿ ಬಾಗಿಲು ತೆರೆದು, ನಮ್ಮ ಪ್ಯಾಂಟ್ ನೋಡಿ, ಏನೂ ಕೇಳದೆ ‘ಸಿನೋಕ್, ಒಳಗೆ ಬಾ’ ಅಂದರು. ಮಗನೇ ಅಂತ ಅರ್ಥ. ಇಟ್ಟಿಗೆಯ ದೊಡ್ಡ ಒಲೆ, ಅದಕ್ಕೆ ‘ಪೆಚ್’ ಅಂತಾರೆ, ಅರ್ಧ ಮನೆ ಅದೇ. ಅದರ ಮೇಲೆ ನಮ್ಮ ಕಾಲುಚೀಲ ಒಣಹಾಕಿದರು. ಆಮೇಲೆ ನೆಲದ ಹಲಗೆ ಎತ್ತಿ ತೋರಿಸಿದರು. ಕೆಳಗೆ ಆಲೂಗಡ್ಡೆ ಇಡುವ ನೆಲಮಾಳಿಗೆ, ಅದರ ತುಂಬ ನೀರು, ಒಂದು ಬಕೆಟ್ ತೇಲುತ್ತಾ ಇತ್ತು. ಪ್ರತಿ ಏಪ್ರಿಲ್‌ನಲ್ಲೂ ಹೀಗೇ ಬರುತ್ತಂತೆ. ಅದಕ್ಕೇ ಮಾರ್ಚ್‌ನಲ್ಲೇ ಆಲೂಗಡ್ಡೆ ಮೂಟೆಗಳನ್ನು ಮೇಲೆ ಒಲೆ ಪಕ್ಕಕ್ಕೆ ತಂದಿಡುತ್ತಾರೆ. ಅಡಿಪಾಯದ ದಿಮ್ಮಿಗಳು ಕಪ್ಪಾಗಿದ್ದವು, ಎಷ್ಟು ವರ್ಷದ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಅದರ ಮೇಲೆ ಗೆರೆ ಗೆರೆ ಕಾಣುತ್ತಿತ್ತು. ಎಲ್ಲ ಅವರ ನೆಲದಡಿಯಲ್ಲೇ ಇತ್ತು. ಒಂದು ಮನೆಯವರನ್ನು ಕೇಳಿದ್ದರೆ ನಾನು ಆ ದಾರಿಗೆ ಇಳಿಯುತ್ತಿರಲಿಲ್ಲ.

ಮಾರನೇ ದಿನ ಅಜ್ಜಿ ಕೊಟ್ಟ ರಬ್ಬರ್ ಬೂಟು ಹಾಕಿಕೊಂಡು ವೋಲ್ಗೊವೆರ್ಖೊವ್ಯೆಗೆ ನಡೆದೆವು. ಹೆಸರಿನ ಅರ್ಥವೇ ವೋಲ್ಗಾದ ಮೇಲ್ತುದಿ. ಜೌಗಿನ ಮೇಲೆ ಮರದ ಕಾಲುಸೇತುವೆ, ಅದರ ಕೊನೆಗೆ ಕಂಬಗಳ ಮೇಲೆ ನಿಂತ ಮರದ ಪುಟ್ಟ ಚಾಪೆಲ್. ಒಳಗೆ ನೆಲದ ನಡುವೆ ಒಂದು ದುಂಡನೆ ಕಿಂಡಿ. ಬಗ್ಗಿ ನೋಡಿದರೆ ಕೆಳಗೆ ನೀರು, ಹಾಲು ಹಾಕದ ಚಹಾದ ಬಣ್ಣ. ಜೌಗಿನ ಕೊಳೆತ ಪಾಚಿಯ ಬಣ್ಣ ಅದು, ನೀರು ಹೊಲಸಲ್ಲ. ನಾನು ಸಣ್ಣ ತೊರೆ ನೋಡಬಹುದು, ಅದರ ಎರಡೂ ಕಡೆ ಒಂದೊಂದು ಕಾಲಿಟ್ಟು ಫೋಟೋ ತೆಗೆಸಿಕೊಳ್ಳಬಹುದು ಅಂದುಕೊಂಡಿದ್ದೆ. ಏಪ್ರಿಲ್‌ನಲ್ಲಿ ತೊರೆ ಎಲ್ಲಿ ಶುರು, ಜೌಗು ಎಲ್ಲಿ ಮುಗೀತು ಅಂತ ಗೊತ್ತಾಗಲಿಲ್ಲ. ವೋಲ್ಗಾಗೆ ದಡವೇ ಇರಲಿಲ್ಲ. ಹುಲ್ಲಿನ ನಡುವೆ ಎಲ್ಲ ಕಡೆ ನೀರು ಮೆಲ್ಲಗೆ ಅಲುಗಾಡುತ್ತಿತ್ತು.

‘ಅಲ್ಲಿ ಏನೂ ಇಲ್ಲ’ ಅನ್ನೋ ಮಾತನ್ನು ನಾನು ಒಪ್ಪಲ್ಲ. ಆ ಹಳ್ಳಿಗೆ ಇರೋದು ಬೆರಳೆಣಿಕೆಯ ಮನೆ, ನಿಜ. ಆದರೆ 1649ರಲ್ಲಿ ತ್ಸಾರ್ ಅಲೆಕ್ಸೆಯ್ ಮಿಖಾಯ್ಲೊವಿಚ್‌ನ ಆಜ್ಞೆಯಿಂದ ಅಲ್ಲಿ ಒಂದು ಮಠ ಎದ್ದಿತು. ಪೂರ್ತಿ ಮರದ್ದು. 1724ರಲ್ಲಿ ಬೆಂಕಿ ಬಿದ್ದು ಸುಟ್ಟುಹೋಯಿತು. ಆಮೇಲೆ ಅಲ್ಲಿ ಮತ್ತೆ ಮಠ ಬಂದದ್ದು 20ನೇ ಶತಮಾನದ ಶುರುವಿನಲ್ಲಿ, ಸಂತ ಓಲ್ಗಾ ಹೆಸರಲ್ಲಿ ಸನ್ಯಾಸಿನಿಯರ ಮಠ. ಈ ಸಲ ಮುಖ್ಯ ಚರ್ಚನ್ನು ಕೆಂಪು ಇಟ್ಟಿಗೆಯಲ್ಲಿ ಕಟ್ಟಿದರು. ಕಾಡು ದಾಟಿ ಬಂದವರಿಗೆ ಆ ಜೌಗಿನ ನಡುವೆ ಅಷ್ಟು ದೊಡ್ಡ ಚರ್ಚು ನೋಡಿ ನಂಬೋಕೇ ಆಗಲ್ಲ. ತೊರೆಗೆ ಅಡ್ಡಲಾಗಿ ಕಲ್ಲಿನ ಸಣ್ಣ ಕಟ್ಟೆಯನ್ನೂ ಕಟ್ಟಿದರು. ಮೂಲದಿಂದ ಕೆಳಗೆ ಹೋಗುವಾಗ ವೋಲ್ಗಾ ಮೇಲೆ ಸಿಗುವ ಮೊದಲ ಅಣೆಕಟ್ಟು ಅಂದರೆ ಅದೇ. ಕ್ರಾಂತಿಯ ನಂತರ ಮಠ ಮುಚ್ಚಿತು. ಸೋವಿಯತ್ ಕಾಲ ಮುಗಿದ ಮೇಲೆ ಸನ್ಯಾಸಿನಿಯರು ಮತ್ತೆ ಬಂದರು. ನಾವು ಹೋದ ದಿನ ಒಬ್ಬರು ಬಕೆಟ್‌ನಲ್ಲಿ ಬೂದಿ ತಂದು ಕಾಲುದಾರಿಯ ಮೇಲೆ ಚೆಲ್ಲುತ್ತಾ ಇದ್ದರು, ಜಾರದಿರಲಿ ಅಂತ.

ಅಲ್ಲಿಂದ ತೊರೆ ಮಾಲಿಯೆ ವೆರ್ಖಿತಿ, ಬೊಲ್ಶಿಯೆ ವೆರ್ಖಿತಿ ಅನ್ನೋ ಎರಡು ಸಣ್ಣ ಕೆರೆಗಳನ್ನು ಹೊಕ್ಕು ಹೊರಟು ಸ್ತೆರ್ಜ್ ಸರೋವರಕ್ಕೆ ಬೀಳುತ್ತೆ. ಸ್ತೆರ್ಜ್ ದಂಡೆಯಲ್ಲಿ ಒಂದು ಕಲ್ಲಿನ ಶಿಲುಬೆ ಇತ್ತು. ಅದರ ಮೇಲಿನ ಬರಹದ ಪ್ರಕಾರ 1133ರ ಜುಲೈ 14ರಂದು ಇವಾಂಕೊ ಪಾವ್ಲೊವಿಚ್ ಅನ್ನುವವನು ಇಲ್ಲಿ ನದಿ ಅಗೆಯಲು ಶುರುಮಾಡಿ ಆ ಶಿಲುಬೆ ನೆಟ್ಟ. ಅವನು ನೊವ್‌ಗೊರೊದ್‌ನ ಅಧಿಕಾರಿ. ನೊವ್‌ಗೊರೊದ್‌ನ ವ್ಯಾಪಾರಿಗಳಿಗೆ ವೋಲ್ಗಾಗೆ ದಾರಿ ಬೇಕಿತ್ತು. ನದಿಯಿಂದ ನದಿಗೆ ದೋಣಿಗಳನ್ನು ನೆಲದ ಮೇಲೆ ಎಳೆದುಕೊಂಡು ಹೋಗುತ್ತಿದ್ದ ಕಾಲ. ನೆಲ ಸಪಾಟಾಗಿದ್ದರಿಂದಲೇ ಅದು ಸಾಧ್ಯವಾಯಿತು. ಕಾಡಿನ ಮೂಲೆ ಅಂತ ನಾವು ಅನ್ನುವ ಜಾಗ ಅವತ್ತು ನಾಲ್ಕು ದಾರಿ ಕೂಡುವ ಜಾಗ. ಆ ಶಿಲುಬೆ ಈಗ ನಿಮ್ಮೂರು ತ್ವೇರ್‌ನ ಮ್ಯೂಸಿಯಂ ಸಂಗ್ರಹದಲ್ಲೇ ಇದೆ. ನಾನು ಮೂರು ವರ್ಷ ಅದರ ಮುಂದಿನ ಬೀದಿಯಲ್ಲೇ ಓಡಾಡಿದ್ದೆ, ಗೊತ್ತೇ ಇರಲಿಲ್ಲ.

ಸ್ತೆರ್ಜ್‌ನಿಂದ ಮುಂದೆ ವ್ಸೆಲುಗ್, ಪೆನೊ, ವೋಲ್ಗೊ ಅಂತ ಸರೋವರಗಳು ಸಾಲಾಗಿ ಬರುತ್ತವೆ. 1843ರಲ್ಲಿ ಅವುಗಳ ಕೊನೆಗೆ ಒಂದು ಕಟ್ಟೆ ಹಾಕಿದರು. ಬೇಸಿಗೆಯಲ್ಲಿ ಕೆಳಗಡೆ ವೋಲ್ಗಾ ಒಣಗಿ ಹಡಗುಗಳು ನೆಲ ಹತ್ತುತ್ತಿದ್ದವು, ಆಗ ಇಲ್ಲಿಂದ ನೀರು ಬಿಡೋಕೆ. ನಾಲ್ಕೂ ಸರೋವರ ಸೇರಿ ಒಂದೇ ನೀರಾಯಿತು.

ಯುದ್ಧದ ವಿಷಯವನ್ನೂ ಹೇಳಲೇಬೇಕು, ಯಾಕಂದರೆ ಆ ಸೀಮೆಯ ಪ್ರತಿ ಹಳ್ಳಿಯಲ್ಲೂ ಒಂದು ಸಮಾಧಿ ಕಾಣುತ್ತೆ. 1941ರ ಶರತ್ಕಾಲದಲ್ಲಿ ಜರ್ಮನ್ನರು ಪೆನೊವರೆಗೆ ಬಂದರು. ಒಸ್ತಾಶ್ಕೊವ್ ಬೀಳಲಿಲ್ಲ. ಪೆನೊ ಕಡೆಯ ಲೀಜಾ ಚಾಯ್ಕಿನಾ ಅನ್ನೋ ಹುಡುಗಿ ಗೆರಿಲ್ಲಾ ಪಡೆಯಲ್ಲಿದ್ದಳು, ನವೆಂಬರ್‌ನಲ್ಲಿ ಸಿಕ್ಕಿಬಿದ್ದಳು, ಗುಂಡಿಟ್ಟು ಕೊಂದರು. 23 ವರ್ಷ. ಸೋವಿಯತ್ ಸೇನೆ ಇಲ್ಲಿಂದ ದಾಳಿ ಶುರುಮಾಡಿದ್ದು 1942ರ ಜನವರಿ 9ರಂದು. ಜನವರಿಯಲ್ಲಿ ಸರೋವರಗಳೇ ರಸ್ತೆ, ಜೌಗೂ ಕಲ್ಲು. ಒಂದು ಸೇನೆ ಇದೇ ನೆಲವನ್ನು ಕೊರೆಯುವ ಚಳಿಯಲ್ಲಿ ದಾಟಿತು. ನಾನು ಏಪ್ರಿಲ್‌ನಲ್ಲಿ ಒಂದು ಕಾರು ದಾಟಿಸಲಾರದೆ ಹೋದೆ.

ಅಜ್ಜಿ ಇನ್ನೊಂದು ಮಾತು ಕಲಿಸಿದರು. ಅಲ್ಲಿ ಹಳ್ಳಿಗೆ ಎರಡು ಪದ. ಚರ್ಚ್ ಇದ್ದರೆ ‘ಸೆಲೊ’, ಇಲ್ಲದಿದ್ದರೆ ‘ದೆರೆವ್ನ್ಯಾ’. ಅವರದು ದೆರೆವ್ನ್ಯಾ. ಮದುವೆ, ನಾಮಕರಣ, ಸಂತೆ ಎಲ್ಲಕ್ಕೂ ಸೆಲೊಗೆ ಹೋಗಬೇಕಿತ್ತು. ಈಗ ಅವರಿಗೆ ಚರ್ಚಿಗಿಂತ ಜಾಸ್ತಿ ಬೇಕಾಗಿರೋದು ವಾರಕ್ಕೆರಡು ಸಲ ಬರುವ ಬ್ರೆಡ್ ಗಾಡಿ. ಮಕ್ಕಳು ಪೀಟರ್ಸ್‌ಬರ್ಗ್‌ನಲ್ಲಿ. 2010ರ ಜನಗಣತಿಯಲ್ಲಿ ರಷ್ಯಾದ ಸುಮಾರು 1,53,000 ಹಳ್ಳಿಗಳ ಪೈಕಿ 19,000ಕ್ಕಿಂತ ಜಾಸ್ತಿ ಹಳ್ಳಿಗಳಲ್ಲಿ ಒಬ್ಬರೂ ಇರಲಿಲ್ಲ. ಮನೆಗಳಿವೆ, ಬೇಲಿ ಇದೆ, ಸೇಬಿನ ಮರ ಇದೆ, ಜನ ಇಲ್ಲ. ಈ ಅಂಕಿ ಓದಿದಾಗ ನನಗೆ ಆ ಎರಡು ಮನೆಯ ಹೊಗೆ ನೆನಪಾಗುತ್ತೆ.

ಹಾಗಾಗಿ ಸುಜ್ದಾಲ್‌ಗೂ ಈ ಹಳ್ಳಿಗೂ ತೂಕ ಹಾಕಬೇಡಿ. ಸುಜ್ದಾಲ್ ಚೆಂದದ ಊರು, ಚರ್ಚುಗಳೇ ಚರ್ಚುಗಳು, ಯಾವ ತಿಂಗಳಾದರೂ ಹೋಗಿ ಬನ್ನಿ, ಬಸ್ ಇದೆ. ಆದರೆ ನೀವು ಕೇಳಿದ್ದು ರಷ್ಯಾದ ಸಣ್ಣ ಹಳ್ಳಿ ಹೇಗಿರುತ್ತೆ ಅಂತ. ಅದು ಎರಡು ಗಂಟೆ ನಿಂತು ಫೋಟೋ ತೆಗೆದರೆ ಕಾಣಲ್ಲ. ಒಂದು ರಾತ್ರಿ ಉಳಿಯಬೇಕು, ಬಾವಿ ನೀರು ಸೇದಬೇಕು, ನೆಲದಡಿ ಏನಿದೆ ಅಂತ ಕೇಳಬೇಕು. ರಷ್ಯನ್ ಭಾಷೆ ಎರಡನೇ ವರ್ಷಕ್ಕೆ ಅಷ್ಟು ಬಂದಿರುತ್ತೆ, ನಾಚಿಕೊಳ್ಳಬೇಡಿ.

ನಾನು ಆಗಸ್ಟ್ ಕೊನೆಯಲ್ಲಿ ಮತ್ತೆ ಹೋದೆ. ಈ ಸಲ ಸ್ವಾಪುಶ್ಚೆ ದಾರಿಯಲ್ಲಿ, ಅಜ್ಜಿಯ ಬೂಟು ವಾಪಸ್ ಕೊಡೋಕೆ. ನೆಲ ಒಣಗಿತ್ತು. ತೊರೆ ಒಂದು ಹೆಜ್ಜೆ ಅಗಲ, ಮೊಣಕಾಲಿಗಿಂತ ಕಮ್ಮಿ ಆಳ. ಮಳೆ ಕಮ್ಮಿಯಾದ ವರ್ಷ ಅದೂ ಬತ್ತುತ್ತಂತೆ. ಏಪ್ರಿಲ್‌ನಲ್ಲಿ ನಾನು ಕಳೆದುಹೋಗಿದ್ದ ಅದೇ ನೀರು. ಅಜ್ಜಿ ಬೂಟು ತಗೊಂಡು, ಅಕ್ಕನ ಮದುವೆ ಆಯ್ತಾ ಅಂತ ಕೇಳಿದರು. ಏಪ್ರಿಲ್‌ನಲ್ಲಿ ಒಂದೇ ಒಂದು ಸಲ ಹೇಳಿದ್ದೆ, ನೆನಪಿಟ್ಟಿದ್ದರು. ಫೋಟೋ ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. ನೀನೆಲ್ಲಿ ಇದರಲ್ಲಿ ಅಂದರು.

ನಿಮಗೆ ನನ್ನ ಮಾತು ಇಷ್ಟು. ಈ ಏಪ್ರಿಲ್ ರಜೆ ತ್ವೇರ್‌ನಲ್ಲೇ ಕಳೆಯಿರಿ, ಮ್ಯೂಸಿಯಂಗೆ ಹೋಗಿ ಆ ಶಿಲುಬೆಯ ಬಗ್ಗೆ ಕೇಳಿ. ಸೆಪ್ಟೆಂಬರ್ ಮೊದಲ ವಾರ ಹೋಗಿ. ಅದಾಗದಿದ್ದರೆ ಫೆಬ್ರುವರಿ, ಚಳಿ ಇದ್ದರೂ ದಾರಿ ಗಟ್ಟಿ ಇರುತ್ತೆ. ಜೂನ್‌ನಲ್ಲಿ ಸೊಳ್ಳೆ ತಿಂದುಹಾಕುತ್ತವೆ. ಹಿಮ ಕರಗಿದ ಮೇಲೆ ಯಾವಾಗ ಹೋದರೂ ಹುಲ್ಲಲ್ಲಿ ರಕ್ತ ಹೀರುವ ಉಣ್ಣೆಹುಳ ಇರುತ್ತೆ, ಕಚ್ಚಿದರೆ ಮೆದುಳುಜ್ವರ ಬರಬಹುದು, ಅದರ ಲಸಿಕೆ ಬಗ್ಗೆ ನಿಮ್ಮ ಪಾಲಿಕ್ಲಿನಿಕ್‌ನಲ್ಲಿ ತಿಂಗಳುಗಳ ಮುಂಚೆಯೇ ಕೇಳಿಕೊಳ್ಳಿ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ ನಡೆಯಿರಿ. ಕಾರನ್ನು ದೊಡ್ಡ ದಾರಿ ಬಿಟ್ಟು ಇಳಿಸಬೇಡಿ. ಆಯಿಲ್ ಲೈಟ್ ಹತ್ತಿದರೆ ಆ ಕ್ಷಣವೇ ಎಂಜಿನ್ ಆಫ್ ಮಾಡಿ, ನೀವು ನಿಂತಿರೋದು ಎಂಥ ಕೆಸರಲ್ಲಾದರೂ ಸರಿ. ಹಾಗೆಯೇ ಹೋಗುವಾಗ ಒಂದೆರಡು ಬ್ರೆಡ್, ಸಕ್ಕರೆ, ಒಳ್ಳೆ ಚಹಾಪುಡಿ ತಗೊಂಡು ಹೋಗಿ. ಹೊಗೆ ಬರುತ್ತಿರುವ ಮನೆ ನೋಡಿ ಬಾಗಿಲು ತಟ್ಟಿ.